ಹರಕೆಯ ಬಾಯಿಗೆ ಜಪಾನಿನ ಹಪ್ಪಳ

ಒಂದಾನೊಂದು ಊರು. ಆ ಊರಿನಲ್ಲಿ ಕಡಲು ಅಂಗಳದ ತನಕ ಬಂದು ಕಾಲು ತೊಳೆದುಕೊಂಡು ಹಿಂದೆ ಹೋಗುತ್ತಿತ್ತಂತೆ. ಅಲ್ಲಿ ಒಬ್ಬಳು ಹೆಂಗಸು. ಮೀನಿನ ಬುಟ್ಟಿ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು, ಮೀನಿನ ಆಸೆ ಮಾತ್ರ ಸವೆದಿರಲಿಲ್ಲ. ಒಂದು ದಿನ ಅವಳು ಕಡಲಿಗೆ ಬೆನ್ನು ಹಾಕಿ, ಗುಡಿಯ ಕಡೆ ಮುಖ ಮಾಡಿ ಹೇಳಿದಳಂತೆ: "ಅಮ್ಮಾ ಮಹಾಲಕ್ಷ್ಮೀ, ನನ್ನ ಸೊಸೆಯ ಮಡಿಲಲ್ಲಿ ಮಗುವೊಂದು ಅಳುವ ತನಕ ಮೀನೆಂಬುದನ್ನು ನಾನು ಬಾಯಿಗೆ ಇಡುವುದಿಲ್ಲ." ಅಮ್ಮ ಕೇಳಿಸಿಕೊಂಡಳು. ಕಡಲೂ ಕೇಳಿಸಿಕೊಂಡಿತು. ನಾಲಿಗೆ ಮಾತ್ರ ತನಗಲ್ಲ ಎಂಬ ಹಾಗೆ ಸುಮ್ಮನಿತ್ತು.

ಕತೆಯಾಗಿದ್ದರೆ ಇಂಥವಳ ಎದುರು ಮಾತಾಡುವ ಮೀನೊಂದು ಬರಬೇಕಿತ್ತು. ಇಲ್ಲಿ ಬಂದದ್ದು ವೀಸಾ. ಹರಕೆ ಹೊತ್ತ ಆ ಹೆಂಗಸು, ವಸಂತಿ, ಗಂಡ ಸೇಸಪ್ಪನ ಜೊತೆ ವಿಮಾನ ಹತ್ತಿ ಅಬುಧಾಬಿಗೆ ಬಂದು, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡದ ಒಂಬತ್ತನೆಯ ಮಾಳಿಗೆಯಲ್ಲಿ ಮಗ ಸುಶಾಂತನ ಫ್ಲ್ಯಾಟ್ ಸೇರಿದಳು. ಅದು ಎರಡು ಸಾವಿರದ ಹದಿನಾರರ ಸೆಪ್ಟೆಂಬರ್. ಸೊಸೆ ಶರ್ಮಿಳಾಗೆ ಆಗ ಆರು ತಿಂಗಳು. ಮದುವೆಯಾಗಿ ಏಳು ವರ್ಷ, ಅದರಲ್ಲಿ ಎರಡು ಸಲ ನಿಂತ ಬಸಿರು ಉಳಿಯದೆ ಹೋಗಿತ್ತು. ಈ ಮೂರನೆಯದರ ಬಗ್ಗೆ ಮನೆಯವರು ಜೋರಾಗಿ ಮಾತಾಡಲೂ ಹೆದರುತ್ತಿದ್ದರು, ಮಲಗಿದ ಮಗು ಎದ್ದುಬಿಡುತ್ತದೆ ಎಂಬಂತೆ.

ಮಗಳು ಅಮಿತಾ ಒಂದು ವರ್ಷ ಮೊದಲೇ ಅಣ್ಣನ ಮನೆಗೆ ಬಂದವಳು. ಖಾಲಿದಿಯಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಬಾಲ್ಯವೆಲ್ಲ ಅಜ್ಜಿಯ ಕತೆ ಕೇಳಿ ಬೆಳೆದ ಹುಡುಗಿ. ಲಿಫ್ಟಿನ ಬಾಗಿಲು ತೆರೆದರೂ ಒಳಗೆ ರಾಕ್ಷಸನೋ ರಾಜಕುಮಾರನೋ ಇರಬಹುದೆಂದು ಒಂದು ಕ್ಷಣ ಕಾಯುವಂಥವಳು. ಆ ಕಾಯುವಿಕೆಯಿಂದಾಗಿ ಎಷ್ಟೋ ಸಲ ಲಿಫ್ಟು ಅವಳನ್ನು ಬಿಟ್ಟೇ ಹೋಗುತ್ತಿತ್ತು.

ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು. ಬಸುರಿಗೆ ಬೇಕು ಎಂದು ವಸಂತಿಯೇ ತೊಳೆಯುವುದು, ವಸಂತಿಯೇ ಮಸಾಲೆ ಅರೆಯುವುದು, ವಸಂತಿಯೇ ಕಾಯಿಸುವುದು. ಎಲ್ಲರಿಗೂ ಬಡಿಸಿ, ತಾನು ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಇಟ್ಟುಕೊಂಡು ಮೇಜಿನ ಮೂಲೆಗೆ ಕೂರುತ್ತಿದ್ದಳು.

"ಬಾಯಿಗೆ ಇಡದೆ ಉಪ್ಪು ಹೇಗೆ ನೋಡ್ತೀ?" ಸೇಸಪ್ಪ ಕೇಳುತ್ತಿದ್ದ. "ಆ ಕೆಲಸ ನನಗೆ ಕೊಡು. ಹರಕೆ ನಿನ್ನದು, ನಾಲಿಗೆ ನನ್ನದು."

"ನಿಮ್ಮ ನಾಲಿಗೆಗೆ ಬೇರೆ ಕೆಲಸವೂ ಇಲ್ಲ ಬಿಡಿ."

ಮಾತು ನಗೆಯಲ್ಲಿ ಮುಗಿದರೂ ವಸಂತಿಯ ಗಂಜಿ ಬಟ್ಟಲಲ್ಲಿ ಅರ್ಧ ಉಳಿಯುತ್ತಿತ್ತು. ಬಂದ ತಿಂಗಳೊಳಗೆ ಕೈಬಳೆಗಳು ಮೊಣಕೈ ತನಕ ಜಾರಲು ಶುರುವಾದವು. ಅತ್ತೆಯನ್ನು ಮಾಮಿ ಎಂದು ಕರೆಯುವ ಶರ್ಮಿಳಾ ಒಂದು ಮಧ್ಯಾಹ್ನ ತಟ್ಟೆಯನ್ನೇ ದೂಡಿಬಿಟ್ಟಳು.

"ಮಾಮಿ, ನೀವು ಆ ಗಂಜಿ ಇಟ್ಕೊಂಡು ನನ್ನೆದುರು ಕೂತ್ರೆ ನಂಗೆ ಮೀನು ಗಂಟಲಲ್ಲಿ ಇಳಿಯುದಿಲ್ಲ."

"ನಿನ್ನ ಗಂಟಲಲ್ಲಿ ಇಳಿಯಲಿ ಅಂತಲೇ ನಾನು ನನ್ನ ಗಂಟಲು ಕಟ್ಟಿದ್ದು ಮಗಾ."

"ನಾನು ಕೇಳಿದ್ದೆನಾ? ಹೊಟ್ಟೆಯಲ್ಲಿ ಮಗುವನ್ನೂ ಹೊರಬೇಕು, ನಿಮ್ಮ ಹಸಿವನ್ನೂ ಹೊರಬೇಕು ಅಂದ್ರೆ ನಾನು ಎಷ್ಟು ಅಂತ ಹೊರುದು?"

ಸುಶಾಂತ ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಲೇ ಇದ್ದ. ಅವನು ಮುಸಫ್ಫಾದಲ್ಲಿ ಏಸಿ ರಿಪೇರಿ ಕಂಪನಿಯ ಸೂಪರ್‌ವೈಸರ್. ಇಡೀ ಊರಿನ ಬಿಸಿ ಇಳಿಸಬಲ್ಲವನಿಗೆ ಈ ಮೇಜಿನ ಬಿಸಿ ಇಳಿಸಲು ಬರುತ್ತಿರಲಿಲ್ಲ.

ವಸಂತಿ ಸೊಸೆಯ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದಳು. "ಒಂದು ಮಾತು ಕೊಡ್ತೇನೆ, ಕೇಳು. ಮಗು ಕೈಗೆ ಬರಲಿ. ಬಾಣಂತಿಗೆ ಕೊಡುವ ಕಾಣೆ ಮೀನಿನ ಒಳ್ಳೆಮೆಣಸಿನ ಸಾರು ನಾನೇ ಮಾಡ್ತೇನೆ. ಮಾಡಿ, ನಿನ್ನೆದುರು ಕೂತು, ನಿನ್ನ ಬಟ್ಟಲಿಂದಲೇ ಮೊದಲ ತುತ್ತು ತಿಂತೇನೆ. ಆಯ್ತಲ್ಲ?"

"ಅಮಿತಾ, ನೀನೇ ಸಾಕ್ಷಿ," ಎಂದಳು ಶರ್ಮಿಳಾ, ನಗದೆ.

ಆ ಸಾಕ್ಷಿಗೆ ಅದೇ ವಾರ ಜಪಾನಿ ಅಂಗಡಿ ಸಿಕ್ಕಿತು.

ಕ್ಲಿನಿಕ್ಕಿನಿಂದ ಬಸ್‌ಸ್ಟಾಪಿಗೆ ಬರುವ ದಾರಿಯಲ್ಲಿ, ಒಂದು ಟೈಲರ್ ಅಂಗಡಿಯ ಪಕ್ಕ, ಎರಡು ಕಪಾಟಿನಷ್ಟೇ ಅಗಲದ ಅಂಗಡಿ. ಗಾಜಿನಾಚೆ ಚಂದ್ರನ ಚಿತ್ರ, ಚಂದ್ರನೊಳಗೆ ಒನಕೆ ಹಿಡಿದ ಮೊಲ. ಮೊಲ ಕಂಡ ಮೇಲೆ ಅಮಿತಾ ಹೊರಗೆ ನಿಲ್ಲುವುದುಂಟೇ? ಒಳಗೆ ಕೌಂಟರಿನಲ್ಲಿ ಇದ್ದವಳು ಕಿನ್ನಿಗೋಳಿಯ ಮಾರ್ಟಿನಾ. ಎರಡೇ ಮಾತಿಗೆ ಇಬ್ಬರಿಗೂ ಊರು ಗೊತ್ತಾಗಿ ಮಾತು ತುಳುವಿಗೂ ಕನ್ನಡಕ್ಕೂ ಹಾರಾಡಿತು.

"ಇದು ಮೋಚಿ, ಅಕ್ಕಿ ಕುಟ್ಟಿ ಮಾಡಿದ್ದು, ಒಳಗೆ ಸಿಹಿ ಕಾಳಿನ ಹೂರಣ. ಇದು ಸೆಂಬೆ. ಅಕ್ಕಿಯ ಹಪ್ಪಳ ಅಂತ ಹೇಳು. ಸೋಯಾ ನೀರು ಸವರಿ ಕೆಂಡದಲ್ಲಿ ಸುಡ್ತಾರೆ."

"ಇದರಲ್ಲಿ ಮೀನು ಉಂಟಾ? ನನ್ನ ಅಮ್ಮ ಹರಕೆಯಲ್ಲಿದ್ದಾರೆ."

"ಹಪ್ಪಳದಲ್ಲಿ ಎಲ್ಲಿಯ ಮೀನು ಮಾರಾಯ್ತಿ! ಅಕ್ಕಿ, ಉಪ್ಪು, ಸೋಯಾ. ಕಣ್ಣು ಮುಚ್ಚಿ ತೆಗೊಂಡು ಹೋಗು."

ಅಮಿತಾ ಕಣ್ಣು ಮುಚ್ಚಿಯೇ ತೆಗೆದುಕೊಂಡು ಹೋದಳು. ಪೊಟ್ಟಣದ ಹಿಂದೆ ಅರಬಿಯಲ್ಲಿ, ಇಂಗ್ಲಿಷಿನಲ್ಲಿ ಇರುವೆಸಾಲಿನಂಥ ಅಕ್ಷರದ ಬಿಳಿ ಚೀಟಿ ಅಂಟಿಸಿದ್ದರು. ಅದನ್ನು ಓದುವ ಯೋಚನೆಯೇ ಅವಳಿಗೆ ಬರಲಿಲ್ಲ.

ಅಂದು ಗುರುವಾರ, ಮರುದಿನ ರಜೆ, ಎಲ್ಲರೂ ಮನೆಯಲ್ಲಿದ್ದರು. ವಸಂತಿ ಮೊದಲು ಮೋಚಿಯನ್ನು ಹಿಸುಕಿ ನೋಡಿದಳು. "ನಮ್ಮ ಅಕ್ಕಿಯ ಪುಂಡಿ ಉಂಡೆಗೆ ಮುಖಕ್ಕೆ ಪೌಡರ್ ಹಾಕಿ ಕೂರಿಸಿದ ಹಾಗೆ ಉಂಟು." ಶರ್ಮಿಳಾ ಒಂದರ ಮೇಲೊಂದು ಮೂರು ತಿಂದು ಬೆರಳಿನ ಬಿಳಿ ಹುಡಿಯನ್ನೂ ನೆಕ್ಕಿದಳು. ಆಮೇಲೆ ಸೆಂಬೆಯ ಪೊಟ್ಟಣ ಒಡೆಯಿತು. ಅಂಗೈಯಗಲದ ಕಂದು ಬಿಲ್ಲೆಗಳು, ಮೇಲೆ ಅರಗು ಬಳಿದಂಥ ಹೊಳಪು. ವಸಂತಿ ಒಂದನ್ನು ತುದಿಯಲ್ಲಿ ಕಚ್ಚಿದಳು. ಕಟಕ್ ಎಂದಿತು. ದವಡೆ ಒಮ್ಮೆ ನಿಂತಿತು. ಮತ್ತೆ ನಿಧಾನ ಅಗಿದಳು, ಇನ್ನೊಮ್ಮೆ ಕಚ್ಚಿದಳು.

ಸೇಸಪ್ಪನೂ ಒಂದು ಚೂರು ಬಾಯಿಗೆ ಹಾಕಿ ಮೂಗು ಅರಳಿಸಿದ. "ಏ, ಇದರಲ್ಲಿ ಒಣಮೀನಿನ ವಾಸನೆ ಬರ್ತದಲ್ಲ?"

"ನಿಮ್ಮ ಮೂಗಿಗೆ ತುಳಸಿಯಲ್ಲೂ ಮೀನೇ!" ವಸಂತಿ ಗದರಿದಳು. ಆಮೇಲೆ ಮಗಳ ಕಡೆ ತಿರುಗಿ, "ಇಲ್ಲ ಅಲ್ವಾ ಅಮಿತಾ? ನೀನು ಕೇಳಿದ್ದೀಯಲ್ಲ?"

"ಇಲ್ಲ ಅಮ್ಮ, ಕೇಳಿದ್ದೇನೆ. ಬರೀ ಅಕ್ಕಿ."

"ಕೇಳಿಸಿತಾ? ಬರೀ ಅಕ್ಕಿ," ಎಂದು ವಸಂತಿ ಗಂಡನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು.

ಅವತ್ತಿನಿಂದ ಮನೆಯ ಗಾಳಿಯೇ ತಿರುಗಿತು. ವಸಂತಿ ಸೆಂಬೆಯನ್ನು ಗ್ಯಾಸಿನ ಉರಿಗೆ ಹಿಡಿದು ಹಪ್ಪಳದಂತೆ ಇನ್ನೊಮ್ಮೆ ಸುಡುವಳು, ಗಂಜಿಗೆ ಪುಡಿ ಮಾಡಿ ಉದುರಿಸುವಳು, ಬಟ್ಟಲು ಬರಿದಾಗುವ ತನಕ ಉಣ್ಣುವಳು. ಕೈಬಳೆಗಳು ಮತ್ತೆ ಮಣಿಕಟ್ಟಿನ ಹತ್ತಿರ ನಿಂತವು. ಅತ್ತೆ ಉಣ್ಣುವುದನ್ನು ಕಂಡು ಶರ್ಮಿಳಾಳ ಗಂಟಲಲ್ಲೂ ಮೀನು ಸರಾಗ ಇಳಿಯಿತು. ಒಂದು ಸಂಜೆ ಅಮಿತಾ ಬಾಗಿಲು ತೆರೆದಾಗ ಅತ್ತೆ ಸೊಸೆ ಒಂದೇ ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು ಮೋಚಿಯ ಡಬ್ಬಿಯ ಚಿತ್ರ ನೋಡುತ್ತಿದ್ದರು.

"ನಮ್ಮ ಚಂದ್ರನಲ್ಲೂ ಮೊಲ ಉಂಟು," ವಸಂತಿ ಹೇಳುತ್ತಿದ್ದಳು. "ಅದು ಅಲ್ಲಿ ಅಕ್ಕಿ ಕುಟ್ತದೆ ಅಂತ ಇಷ್ಟು ವರ್ಷ ನಂಗೆ ಯಾರೂ ಹೇಳ್ಲಿಲ್ಲ ನೋಡು."

"ಹೇಳಿದ್ರೆ ನೀವು ಹೋಗಿ ಅದರ ಕೈಯಿಂದ ಒನಕೆ ಕಿತ್ಕೊಂಡು, ಕುಟ್ಟುದು ಹಾಗಲ್ಲ ಅಂತಿದ್ರಿ ಮಾಮಿ."

ವಸಂತಿ ಸೊಸೆಯ ತೊಡೆಗೆ ಮೆಲ್ಲ ಹೊಡೆದು ನಕ್ಕಳು. ಅಮಿತಾ ಆ ನಗೆಯನ್ನು ತಾನೇ ಕೊಂಡು ತಂದೆನೆಂಬ ಹೆಮ್ಮೆಯಲ್ಲಿ, ಪ್ರತಿ ಗುರುವಾರ ಒಂದು ಪೊಟ್ಟಣ ಖಂಡಿತ ಎಂದು ಸಾರಿದಳು.

ನಾಲ್ಕನೆಯ ಗುರುವಾರ ಬಸ್ಸು ತಡವಾಯಿತು. ಸ್ಟಾಪಿನಲ್ಲಿ ಕೂತು ಬೇಜಾರು ಕಳೆಯಲು ಅಮಿತಾ ಪೊಟ್ಟಣ ತಿರುಗಿಸಿ ಚೀಟಿ ಓದತೊಡಗಿದಳು. ಅಕ್ಕಿ. ಸೋಯಾ. ಸಕ್ಕರೆ. ಬೊನಿಟೊ ಪುಡಿ. ಬೊನಿಟೊ ಎಂದರೆ ಹೂವಿನ ಹೆಸರಿರಬೇಕು ಎಂದುಕೊಂಡಳು. ಆದರೂ ಮನಸ್ಸು ನಿಲ್ಲದೆ ಎದ್ದು ಅಂಗಡಿಗೆ ವಾಪಸು ಹೋದಳು.

ಮಾರ್ಟಿನಾ ಫೋನಿನಲ್ಲಿ ಹುಡುಕಿ, ಚಿತ್ರ ತೋರಿಸಿ, ಬಾಯಿಗೆ ಕೈ ಇಟ್ಟುಕೊಂಡಳು. "ಸಾವು ಮಾರಾಯ್ತಿ! ಇದು ನಮ್ಮ ಕೇದರ ಮೀನಿನ ಜಾತಿಯದ್ದು. ಒಣಗಿಸಿ, ಹೊಗೆ ಹಾಕಿ, ಪುಡಿ ಮಾಡುದಂತೆ. ನೀನು ಮೀನು ಉಂಟಾ ಅಂದಾಗ ನಾನು ತುಂಡು ಮೀನು ಅಂತ ಎಣಿಸಿದ್ದು. ಪುಡಿ ಹಾಕ್ತಾರೆ ಅಂತ ಯಾರಿಗೆ ಗೊತ್ತು?"

"ಈಗ ಎಂತ ಮಾಡುದು?"

"ಗೊತ್ತಿಲ್ದೆ ತಿಂದದ್ದಲ್ವಾ. ದೇವರು ಅಷ್ಟೂ ಅಂಗಡಿಯ ಚೀಟಿ ಓದ್ತಾ ಕೂರುದಿಲ್ಲ. ಮನೆಗೆ ಹೋಗಿ ಹೇಳಿಬಿಡು, ಖಲಾಸ್."

ಹೇಳಿಬಿಡುವುದೆಂದೇ ಅಮಿತಾ ಹೊರಟಳು. ಪೊಟ್ಟಣ ವಾಪಸು ಕೊಟ್ಟು, ಬರೀ ಉಪ್ಪಿನ ಬಿಳಿ ಸೆಂಬೆ ತೆಗೆದುಕೊಂಡಳು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿದಳು. ಬಾಗಿಲು ತೆರೆದರೆ ತಾಯಿ ಸೊಸೆಯ ಬಾತ ಕಾಲಿಗೆ ಎಣ್ಣೆ ತಿಕ್ಕುತ್ತಾ, ಸುಶಾಂತ ಚಿಕ್ಕವನಿದ್ದಾಗ ಏಡಿ ಕಚ್ಚಿಸಿಕೊಂಡ ಕತೆ ಹೇಳುತ್ತಿದ್ದಳು. ಶರ್ಮಿಳಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದಳು. ಜೋಡಿಸಿದ ಮಾತು ಅಮಿತಾಳ ಬಾಯಲ್ಲೇ ಕರಗಿತು. ನಾಳೆ ಹೇಳಿದರಾಯಿತು ಎಂದು ಬಿಳಿ ಸೆಂಬೆ ಮುಂದಿಟ್ಟಳು.

ವಸಂತಿ ಒಂದು ಕಚ್ಚಿ ಮುಖ ಕಿವುಚಿದಳು. "ಎಂತ ಇದು? ಅಡಿಗೆಯವನು ಸಿಟ್ಟಿನಲ್ಲಿ ಮಾಡಿಟ್ಟ ಹಪ್ಪಳದ ಹಾಗೆ."

"ಹಳೇದು ಸಿಗ್ಲಿಲ್ಲಮ್ಮ."

"ಸಿಕ್ಕಿದ ದಿನ ತಾ. ಅವಸರ ಇಲ್ಲ."

ಅವಸರ ಇಲ್ಲವೆಂದವಳ ಗಂಜಿ ಆ ವಾರವಿಡೀ ಅರ್ಧಕ್ಕೆ ನಿಂತಿತು. ಶರ್ಮಿಳಾಳ ಹುಬ್ಬು ಮತ್ತೆ ಗಂಟಾಯಿತು. "ಶುರುವಾಯ್ತಾ ಮಾಮಿ, ಪುನಃ?" ಎಂದಳು. ಮುಂದಿನ ಗುರುವಾರ ಅಮಿತಾ ಮಾರ್ಟಿನಾಳ ರಜೆಯ ಹೊತ್ತು ನೋಡಿ ಅಂಗಡಿಗೆ ಹೋದಳು. ಹಳೆಯ ಪೊಟ್ಟಣವನ್ನೇ ಕೊಂಡಳು. ಬಸ್‌ಸ್ಟಾಪಿನಲ್ಲಿ ಕೂತು, ಉಗುರಿನಿಂದ ಆ ಬಿಳಿ ಚೀಟಿಯನ್ನು ಮೂಲೆಯಿಂದ ಎಬ್ಬಿಸಿ, ಹರಿಯದ ಹಾಗೆ ಕಿತ್ತಳು. ಬಿಸಾಡಲು ಕೈ ಬರಲಿಲ್ಲ. ಪರ್ಸಿನಲ್ಲಿ ಇಟ್ಟುಕೊಂಡಳು. ಗೊತ್ತಿಲ್ಲದೆ ಮಾಡಿದ್ದು ಅಲ್ಲಿಗೆ ಮುಗಿಯಿತು. ಇನ್ನು ಮುಂದಿನದೆಲ್ಲ ಗೊತ್ತಿದ್ದೇ.

ಮೂರು ಗುರುವಾರ, ಮೂರು ಪೊಟ್ಟಣ, ಪರ್ಸಿನಲ್ಲಿ ಮೂರು ಚೀಟಿ. ತಾಯಿ ಕಟಕ್ ಎಂದು ಕಚ್ಚಿದಾಗಲೆಲ್ಲ ಅಮಿತಾಳಿಗೆ ತನ್ನ ಬೆನ್ನಿನ ಮೇಲೆ ಯಾರೋ ಕಡ್ಡಿ ಮುರಿದಂತಾಗುತ್ತಿತ್ತು. ದೇವರ ಪಟದ ಎದುರು ದೀಪ ಹಚ್ಚುವ ಸರದಿ ಬಂದರೆ ಏನಾದರೂ ನೆವ ಹೇಳಿ ಅಣ್ಣನಿಗೆ ದಾಟಿಸುತ್ತಿದ್ದಳು.

ನವೆಂಬರಿನ ನಡುವೆ ಒಂದು ದಿನ ಶರ್ಮಿಳಾ ಪಾಠ ಮಾಡುವ ಶಾಲೆಯಿಂದ ಫೋನು. ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಆಸ್ಪತ್ರೆಗೆ ಕರಕೊಂಡು ಹೋಗುತ್ತಿದ್ದೇವೆ. ಮನೆಯವರು ಅಲ್ಲಿಗೆ ಓಡಿದಾಗ ಶರ್ಮಿಳಾಳ ತೋಳಿಗೆ ಬಿಪಿಯ ಪಟ್ಟಿ ಸುತ್ತಿತ್ತು, ಹೊಟ್ಟೆಗೆ ಮಗುವಿನ ಎದೆಬಡಿತ ಕೇಳುವ ಯಂತ್ರ. ಬಿಪಿ ಏರಿದೆ, ನಾಲ್ಕು ದಿನ ಇಲ್ಲಿರಲಿ, ಆಮೇಲೆ ಹೆರಿಗೆಯ ತನಕ ಮಂಚ ಬಿಟ್ಟು ಇಳಿಯಬಾರದು ಎಂದರು ಡಾಕ್ಟರು.

ಡಾಕ್ಟರು ಅತ್ತ ಹೋದದ್ದೇ ತಡ, ವಸಂತಿಯ ಬಾಯಿ ಒಡೆಯಿತು.

"ಶಾಲೆ ಶಾಲೆ ಅಂತ ಮೂರು ಮಾಳಿಗೆ ಹತ್ತಿ ಇಳಿದ್ರೆ ಇನ್ನೆಂತ ಆಗ್ತದೆ? ರಜೆ ಹಾಕು ಅಂತ ಎಷ್ಟು ಸಲ ಹೇಳಿದೆ! ಕೇಳಿದ್ಯಾ? ಆ ಎರಡು ಹೋದದ್ದು ಸಾಕಾಗ್ಲಿಲ್ವಾ? ಇನ್ನು ಎಂತಾದರೂ ಆದ್ರೆ ನಿನ್ನಿಂದಲೇ ಆದದ್ದು!"

"ಅಮ್ಮಾ!" ಸುಶಾಂತ ಕೂಗಿದ. "ಸಾಕು ಮಾಡಿ! ಇದು ಆಸ್ಪತ್ರೆ!"

ಯಾವತ್ತೂ ಒಂದಕ್ಕೆ ಎರಡು ಹೇಳುವ ಶರ್ಮಿಳಾ ಗೋಡೆಯ ಕಡೆ ಹೊರಳಿ, "ಹೌದು ಮಾಮಿ, ನನ್ನಿಂದಲೇ," ಎಂದಳು.

ಅಮಿತಾ ಮಂಚದ ಕಾಲಬುಡದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಪರ್ಸು. ಪರ್ಸಿನಲ್ಲಿ ಚೀಟಿಗಳು. ನಾನಮ್ಮ, ನನ್ನಿಂದ, ಎಂದು ಬಾಯಿ ತೆರೆದರೆ ಸಾಕಿತ್ತು. ತೆರೆದಳು. "ನೀರು ಬೇಕಾ ಅತ್ತಿಗೆ?" ಎಂಬ ಮಾತು ಹೊರಗೆ ಬಂತು.

ಮನೆಗೆ ಮರಳಿದ ಮೇಲೆ ವಸಂತಿ ಸೆಂಬೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಲ್ಲುನೋವು ಎಂದಳು.

"ನಮ್ಮ ಡಾಕ್ಟರಿಗೆ ತೋರಿಸುವನಾ ಅಮ್ಮ?" ಎಂದು ಅಮಿತಾ ಕೇಳಿದರೆ, "ಇದು ನಿಮ್ಮ ಡಾಕ್ಟರು ಕೀಳುವಂಥ ಹಲ್ಲಲ್ಲ," ಎಂದು ಒಳಗೆ ಹೋದಳು. ಒಡೆಯದ ಪೊಟ್ಟಣ ಅಕ್ಕಿಡಬ್ಬಿಯ ಹಿಂದೆ ಸೇರಿತು. ಮತ್ತೆ ಗಂಜಿ, ಮತ್ತೆ ಮಿಡಿ, ಮತ್ತೆ ಅರ್ಧ ಬಟ್ಟಲು. ಅತ್ತೆ ಸೊಸೆಯ ನಡುವೆ ಈಗ ಜಗಳವೂ ಇರಲಿಲ್ಲ. ಊಟ, ಮಾತ್ರೆ, ಬಿಸಿನೀರು ಎಲ್ಲ ಹೊತ್ತಿಗೆ ಸರಿಯಾಗಿ ಮಂಚಕ್ಕೆ ಹೋಗುತ್ತಿತ್ತು. "ಇಟ್ಟಿದ್ದೇನೆ." "ಆಯ್ತು ಮಾಮಿ." ಅಷ್ಟೇ. ಸೇಸಪ್ಪ ಒಬ್ಬನೇ ಟೀವಿಯೊಡನೆ ಮಾತಾಡುತ್ತಿದ್ದ.

ಒಂದು ಬೆಳಿಗ್ಗೆ ದೇವರ ಪಟ ಒರೆಸುವಾಗ ಅಮಿತಾಳಿಗೆ ಅದರ ಹಿಂದೆ ಅರಸಿನ ಬಟ್ಟೆಯ ಸಣ್ಣ ಗಂಟು ಸಿಕ್ಕಿತು. ಒಳಗೆ ಒಂದು ನಾಣ್ಯ. ಊರಿನಲ್ಲಿ ದೇವರಿಗೆ ತಪ್ಪು ನಡೆದರೆ ಹೀಗೆ ಕಟ್ಟಿಡುತ್ತಾರೆ, ತಪ್ಪು ಕಾಣಿಕೆ, ಆಮೇಲೆ ಗುಡಿಯ ಹುಂಡಿಗೆ ಹಾಕಲು. ಸೊಸೆಯನ್ನು ಬೈದದ್ದಕ್ಕೆ ಕಟ್ಟಿರಬೇಕು ಎಂದುಕೊಂಡಳು. ತಾನೂ ಒಂದು ಕಟ್ಟಬೇಕೆನಿಸಿತು, ಆದರೆ ಆ ಗಂಟಿನ ಪಕ್ಕ ಇನ್ನೊಂದು ಗಂಟು ಕಂಡರೆ ಯಾರದು ಎಂದು ತಾಯಿ ಕೇಳುತ್ತಾಳಲ್ಲ. ಇದ್ದಲ್ಲೇ ಇಟ್ಟು ಪಟ ಸರಿ ಮಾಡಿದಳು.

ಡಿಸೆಂಬರಿನ ಎರಡನೆಯ ವಾರ ಡಾಕ್ಟರು ಇನ್ನು ಕಾಯುವುದು ಬೇಡ ಎಂದರು. ಹೆಣ್ಣುಮಗು. ಸಣ್ಣದು, ಆದರೆ ಗಂಟಲು ಸಣ್ಣದಲ್ಲ. ಅದು ಅತ್ತ ಸದ್ದು ಕಾರಿಡಾರಿಗೆ ಕೇಳಿದಾಗ ಸೇಸಪ್ಪ, "ಮಡಿಲಲ್ಲಿ ಮಗು ಅತ್ತಿತು. ಹರಕೆ ಮುಗಿಯಿತು. ವಸಂತೀ, ಇನ್ನು ಬಂಗುಡೆ ಮೀನಿಗೆ ಒಳ್ಳೆ ಕಾಲ ಇಲ್ಲ ನೋಡು!" ಎಂದ. ವಸಂತಿ ಕಣ್ಣೊರೆಸಿಕೊಂಡಳು, ನಗಲಿಲ್ಲ.

ತಾಯಿ ಮಗು ಮನೆಗೆ ಬಂದು ವಾರ ಕಳೆಯಿತು. ವಸಂತಿ ಬಾಣಂತಿಗೆ ಎಣ್ಣೆ ತಿಕ್ಕಿದಳು, ಮೆಂತೆ ಗಂಜಿ ಮಾಡಿದಳು, ಮಗುವಿನ ಬಟ್ಟೆ ಒಗೆದಳು. ಮೀನಿನ ಮಾತೆತ್ತಿದರೆ ಮಾತ್ರ, "ನಾಳೆ ನೋಡುವ." ಮರುದಿನ ಕೇಳಿದರೆ, "ಹನ್ನೊಂದನೇ ದಿನ ಕಳೀಲಿ." ಹನ್ನೊಂದು ಕಳೆದ ಮೇಲೆ, "ಇಲ್ಲಿಯ ಕಾಣೆ ಹೇಗೋ ಏನೋ." ಪ್ರತಿ 'ನಾಳೆ'ಗೂ ಅಮಿತಾಳಿಗೆ ಒಂದು ದಿನದ ಜೀವದಾನ ಸಿಕ್ಕಂತಾಗುತ್ತಿತ್ತು. ತಾಯಿ ಮೀನು ತಿಂದ ದಿನ ಹರಕೆ ಪೂರ್ತಿಯಾಯಿತೆಂದು ಮನೆಯೆಲ್ಲ ಹಬ್ಬ ಮಾಡುತ್ತದೆ. ಆ ಹಬ್ಬದ ಸುಳ್ಳಿಗೆ ತಾನೊಬ್ಬಳೇ ಸಾಕ್ಷಿ.

ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಶರ್ಮಿಳಾಳೇ ಒಳಗಿನಿಂದ ಕರೆದಳು. "ಮಾಮಿ, ನನ್ನೆದುರು ಕೂತು ತಿಂತೇನೆ ಅಂದಿದ್ರಿ. ನನ್ನ ಮುಖ ನೋಡ್ಲಿಕ್ಕೂ ಬೇಡವಾ ಈಗ?"

ವಸಂತಿ ಒಲೆ ಆರಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸುಶಾಂತಾ, ಗಾಡಿ ತೆಗಿ. ಅಮಿತಾ, ನೀನೂ ಬಾ," ಎಂದಳು.

ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಕಾಲಿಟ್ಟದ್ದೇ ವಸಂತಿಯ ನಡಿಗೆ ಬದಲಾಯಿತು. ಒದ್ದೆ ನೆಲದ ಮೇಲೆ ಅವಳು ಇಪ್ಪತ್ತು ವರ್ಷ ಹಿಂದಕ್ಕೆ ನಡೆದಂತೆ ನಡೆದಳು. ಒಂದು ಮೀನಿನ ಕಿವಿರು ಎತ್ತಿದಳು, ಇನ್ನೊಂದರ ಹೊಟ್ಟೆ ಒತ್ತಿದಳು. ಅಂಗಡಿಯ ಮುಹಿಯುದ್ದೀನ್ ಉಳ್ಳಾಲದವನು, ಕೈ ನೋಡಿಯೇ ಗುರುತು ಹಿಡಿದ.

"ಓ ಅಕ್ಕಾ, ನೀವು ಕೊಳ್ಳುವವರಲ್ಲ, ಮಾರುವವರು!"

"ಈ ಕಾಣೆ ಯಾವಾಗಿನದ್ದು?"

"ನಿನ್ನೆ ಸಂಜೆಯದ್ದು ಅಕ್ಕಾ."

"ಯಾವ ನಿನ್ನೆ? ಹೋದ ವಾರದ ನಿನ್ನೆಯಾ?"

ಅವನು ಬಿದ್ದು ಬಿದ್ದು ನಕ್ಕು, ಕೆಳಗಿನ ಐಸಿನಿಂದ ಬೇರೆ ಕಾಣೆ ತೆಗೆದ. ಬೆಳ್ಳಿಯಂತೆ ಹೊಳೆಯುವ ಹನ್ನೆರಡು. ಅವನು ಸ್ವಚ್ಛ ಮಾಡುವ ತನಕ ತಾಯಿ ಮಗಳು ಹೊರಗೆ ಬಂದು, ಬಂದರಿನ ದೋಣಿಗಳು ಕಾಣುವ ಕಟ್ಟೆಯ ಮೇಲೆ ಕೂತರು. ಸುಶಾಂತ ಗಾಡಿಯ ಹತ್ತಿರ ಫೋನಿನಲ್ಲಿದ್ದ. ಇನ್ನು ಮುಂದೆ ಹಾಕಲು ಯಾವ ನಾಳೆಯೂ ಉಳಿದಿರಲಿಲ್ಲ. ಅಮಿತಾ ಪರ್ಸು ತೆರೆದು ಚೀಟಿಗಳನ್ನು ತಾಯಿಯ ಮಡಿಲಲ್ಲಿ ಇಟ್ಟಳು.

"ಅಮ್ಮ, ಆ ಜಪಾನಿ ಹಪ್ಪಳದಲ್ಲಿ ಮೀನಿನ ಪುಡಿ ಇತ್ತು. ಮೊದಲು ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ತಂದೆ. ಈ ಚೀಟಿ ಕಿತ್ತು ತಂದೆ. ಅತ್ತಿಗೆಗೆ ಹಾಗಾದದ್ದು..." ಮುಂದಿನದು ಅಳುವಿನಲ್ಲಿ ಹೋಯಿತು.

ವಸಂತಿ ಚೀಟಿಗಳನ್ನು ಒಂದೊಂದಾಗಿ ನೋಡಿದಳು, ಬುಟ್ಟಿಯಲ್ಲಿ ಹಾಳಾದ ಮೀನು ಆರಿಸುವವಳಂತೆ.

"ಮೊದಲು ಪೊಟ್ಟಣದ ಹಿಂದೆ ಬಿಳಿ ಕಾಗದ ಇರ್ತಿತ್ತು," ಎಂದಳು. "ಆಮೇಲೆ ಇರ್ಲಿಲ್ಲ. ಅಂಟು ಮಾತ್ರ ಕೈಗೆ ಸಿಗ್ತಿತ್ತು. ನಂಗೆ ಓದ್ಲಿಕ್ಕೆ ಬರುದಿಲ್ಲ ಮಗಾ, ಕಾಣ್ಲಿಕ್ಕೆ ಬರ್ತದೆ."

ಅಮಿತಾ ಮುಖ ಎತ್ತಿದಳು.

"ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತ ಮೂಗು ಇದು. ಮೊದಲ ದಿನ ಮೊದಲ ಕಚ್ಚಿಗೇ ಗೊತ್ತಾಯ್ತು. ನಿನ್ನ ಅಪ್ಪನಿಗೇ ವಾಸನೆ ಬಂತು, ನಂಗೆ ಬರುದಿಲ್ವಾ? ಅದಕ್ಕೇ ನಿನ್ನ ಬಾಯಿಂದ ಕೇಳಿಸಿದ್ದು, ಇಲ್ಲ ಅಲ್ವಾ ಅಂತ. ನೀನು ಇಲ್ಲ ಅಂದೆ. ಆ 'ಇಲ್ಲ' ನಂಗೆ ಬೇಕಿತ್ತು. ಅದನ್ನು ಹಿಡ್ಕೊಂಡು ಒಂದೂವರೆ ತಿಂಗಳು ತಿಂದೆ."

ದೋಣಿಯೊಂದರ ಮೇಲೆ ಯಾರೋ ಬಲೆ ಕೊಡವುತ್ತಿದ್ದರು. ವಸಂತಿ ಅತ್ತ ನೋಡುತ್ತಲೇ ಮಾತಾಡಿದಳು.

"ಆಸ್ಪತ್ರೆಯಲ್ಲಿ ಅವಳನ್ನು ಕಂಡಾಗ ನನ್ನ ಎದೆ ಒಡೆದು ಹೋಯ್ತು. ನಾನು ತಿಂದದ್ದಕ್ಕೇ ಹೀಗಾಯ್ತು ಅಂತ. ಅದನ್ನು ಹೇಳ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ಅವಳ ತಲೆಗೆ ಹಾಕಿದೆ. ಆ ಹೆಣ್ಣು ಹೌದು ಅಂದುಬಿಟ್ಟಳು. ಜಗಳ ಮಾಡಿದ್ರೆ ಒಳ್ಳೆದಿತ್ತು."

"ಪಟದ ಹಿಂದಿನ ಗಂಟು ಅದಕ್ಕೇನಾ ಅಮ್ಮ?"

"ಅದು ಮಹಾಲಕ್ಷ್ಮಿಗೆ. ಊರಿಗೆ ಹೋಗಿ ಹುಂಡಿಗೆ ಹಾಕಿದ್ರೆ ಅಮ್ಮ ಬಿಡ್ತಾಳೆ, ಅವಳಿಗೆ ಸಾವಿರ ಮಕ್ಕಳು. ಸೊಸೆಗೆ ತಪ್ಪು ಕಾಣಿಕೆ ಹಾಕುವ ಹುಂಡಿ ಎಲ್ಲುಂಟು? ಅದನ್ನು ಬಾಯಿಂದಲೇ ಹಾಕಬೇಕು."

ಚೀಟಿಗಳನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು.

ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಒಳ್ಳೆಮೆಣಸು, ಬೆಳ್ಳುಳ್ಳಿಯ ಪರಿಮಳ. ಹಾಲ್‌ನಲ್ಲಿ ಸೇಸಪ್ಪ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ. ವಸಂತಿ ಒಂದು ಬಟ್ಟಲು ಸಾರು, ಅನ್ನ ಹಿಡಿದು ಬಾಣಂತಿಯ ಕೋಣೆಗೆ ಹೋದಳು, ಹಿಂದೆಯೇ ಅಮಿತಾ. ಶರ್ಮಿಳಾ ಮಗುವಿಗೆ ಹಾಲು ಕೊಡುತ್ತಿದ್ದಳು. ವಸಂತಿ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು, ಸೆರಗಿನ ಗಂಟು ಬಿಚ್ಚಿ, ಚೀಟಿಗಳನ್ನು ಬಟ್ಟಲಿನ ಪಕ್ಕ ಸಾಲಾಗಿ ಇಟ್ಟಳು.

ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ನಡುವೆ ಅಮಿತಾ, "ಕಿತ್ತದ್ದು ನಾನು ಅತ್ತಿಗೆ," ಎಂದು ಸೇರಿಸಿದಳು. ಹಾಲ್‌ನಿಂದ ಸೇಸಪ್ಪ, "ನಾನು ಅವತ್ತೇ ಹೇಳಿದ್ದೆ ಒಣಮೀನು ಅಂತ! ಈ ಮನೆಯಲ್ಲಿ ನನ್ನ ಮೂಗಿಗೆ ಬೆಲೆ ಇಲ್ಲ," ಎಂದ.

ಶರ್ಮಿಳಾ ಚೀಟಿಗಳನ್ನು ನೋಡುತ್ತಾ ಕೂತಳು.

"ಮೀನಿನ ಪುಡಿಯಿಂದ ಯಾರ ಬಿಪಿಯೂ ಏರುದಿಲ್ಲ ಮಾಮಿ," ಎಂದಳು ಕೊನೆಗೆ. "ಮಾತಿನಿಂದ ಏರ್ತದೆ."

"ಹೌದು."

"ಇಪ್ಪತ್ತು ದಿನ ನಾನು ಮಂಚದಲ್ಲಿ ಮಲಗಿ ಅದನ್ನೇ ಲೆಕ್ಕ ಹಾಕಿದ್ದು. ಯಾವ ಮೆಟ್ಟಿಲು ಹತ್ತಿದ್ದು ತಪ್ಪು, ಯಾವ ದಿನ ಹೋದದ್ದು ತಪ್ಪು ಅಂತ. ಹೊಟ್ಟೆಯಲ್ಲಿ ಮಗುವಿನ ಪಕ್ಕದಲ್ಲೇ ನಿಮ್ಮ ಮಾತನ್ನೂ ಇಟ್ಕೊಂಡಿದ್ದೆ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬಂದು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು," ವಸಂತಿ ಎಂದಳು. "ಹೆದರಿದೆ. ತಪ್ಪು ನನ್ನದು ಮಗಾ. ನಿನ್ನದಲ್ಲ. ಆ ಎರಡೂ ನಿನ್ನಿಂದ ಹೋದದ್ದಲ್ಲ. ಇದು ನಿನ್ನಿಂದಲೇ ಉಳಿದದ್ದು."

ಶರ್ಮಿಳಾಳ ಗಲ್ಲದ ಮೇಲಿಂದ ನೀರು ಇಳಿದು ಮಗುವಿನ ಟೊಪ್ಪಿಯ ಮೇಲೆ ಬಿತ್ತು. ಒರೆಸಲು ಅವಳಿಗೆ ಕೈ ಖಾಲಿ ಇರಲಿಲ್ಲ, ಉಳಿದ ಇಬ್ಬರಿಗೆ ಧೈರ್ಯ ಇರಲಿಲ್ಲ. ಸಾರಿನ ಮೇಲಿನ ಹಬೆ ತೆಳ್ಳಗಾಗುತ್ತಾ ಬಂತು. ವಸಂತಿ ಬಟ್ಟಲು ಎತ್ತಿಕೊಂಡು ಹೊರಗೆ ಹೋಗಲು ಮೆಲ್ಲ ಎದ್ದಳು.

"ಎಲ್ಲಿಗೆ?" ಎಂದಳು ಶರ್ಮಿಳಾ. ಅವಳ ಸ್ವರದಲ್ಲಿ ಸಿಟ್ಟು ಇನ್ನೂ ಇತ್ತು. "ಕೂತ್ಕೊಳ್ಳಿ. ಮುಳ್ಳು ಬಿಡಿಸಿ ಕೊಡಿ. ಕಾಣುದಿಲ್ವಾ, ನನ್ನ ಕೈಯಲ್ಲಿ ಮಗು ಉಂಟು."

ವಸಂತಿ ಕೂತಳು. ಕಾಣೆಯ ಬೆನ್ನು ಸೀಳಿ, ನಡುಮುಳ್ಳನ್ನು ಬಾಲದಿಂದ ಹಿಡಿದು ಒಂದೇ ಎಳೆತಕ್ಕೆ ತೆಗೆದು ಬಟ್ಟಲಿನ ಅಂಚಿಗೆ ಇಟ್ಟಳು. ಬಿಳಿ ಮೀನನ್ನು ಅನ್ನದ ಜೊತೆ ಕಲಸಿ ಸೊಸೆಯ ಬಾಯಿಗೆ ತುತ್ತು ಹಿಡಿದಳು. ಶರ್ಮಿಳಾ ತಲೆ ಅಲ್ಲಾಡಿಸಿದಳು.

"ಮೊದಲು ನೀವು. ಮಾತು ಹಾಗೆ ಇದ್ದದ್ದು. ಅಮಿತಾ ಸಾಕ್ಷಿ."

ವಸಂತಿ ಕೈ ಹಿಂದಕ್ಕೆ ತಂದಳು, ಎರಡು ಅಗುಳು ಮಡಿಲಿಗೆ ಬಿದ್ದವು. ಸೊಸೆಯ ಮುಖವನ್ನೇ ನೋಡುತ್ತಾ ಆ ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು, ಅಗಿದಳು, ನುಂಗಿದಳು.